ಸೊಂಟದ ಪಿಸ್ತೂಲು ಕಾಣಬೇಕೇ, ಕಾಣಬಾರದೇ? ಅಮೆರಿಕದ ಕಾನೂನಿನ ಒಳಸುಳಿಗಳು

ಅಮೆರಿಕದ ಯಾವುದಾದರೂ ಊರಿನಲ್ಲಿ ಗುಂಡಿನ ದಾಳಿ ನಡೆದ ಸುದ್ದಿ ಬಂದ ಕೂಡಲೇ ಕರ್ನಾಟಕದ ಎಷ್ಟೋ ಮನೆಗಳಿಂದ ಅಲ್ಲಿಗೆ ಫೋನು ಹೋಗುತ್ತದೆ. ಮಗ, ಮಗಳು, ಸೊಸೆ, ಅಳಿಯ ಕ್ಷೇಮವೆಂದು ತಿಳಿದ ಬಳಿಕ ಹೆತ್ತವರು ಕೇಳುವ ಮುಂದಿನ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಅಲ್ಲಿ ಯಾರು ಬೇಕಾದರೂ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬಹುದೇ?

ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಯಾವ ರಾಜ್ಯ, ಪಿಸ್ತೂಲು ಧರಿಸಿದವರು ಯಾರು, ಅದು ಹೊರಗೆ ಕಾಣುತ್ತಿದೆಯೇ ಅಥವಾ ಅಂಗಿಯ ಮರೆಯಲ್ಲಿದೆಯೇ, ಅದರ ಗಾತ್ರವೆಷ್ಟು, ಅದರಲ್ಲಿ ಎಷ್ಟು ಗುಂಡುಗಳಿವೆ ಎಂಬುದನ್ನೆಲ್ಲ ನೋಡಿಯೇ ಉತ್ತರ ಹೇಳಬೇಕಾಗುತ್ತದೆ. ನದಿಯ ಒಂದು ದಡದಲ್ಲಿ ಹಕ್ಕಾಗಿರುವುದು ಇನ್ನೊಂದು ದಡದಲ್ಲಿ ಜೈಲುವಾಸದ ಅಪರಾಧವಾಗಿರಬಹುದು.

2013ರಲ್ಲಿ ಹೀಗೇ ಆಯಿತು. ಪೆನ್ಸಿಲ್ವೇನಿಯಾ ರಾಜ್ಯದ ಪರವಾನಗಿ ಪಡೆದಿದ್ದ ಮಹಿಳೆಯೊಬ್ಬರು ಡೆಲವೇರ್ ನದಿಯಾಚೆಗಿನ ನ್ಯೂಜೆರ್ಸಿಗೆ ಕಾರಿನಲ್ಲಿ ಹೋಗಿದ್ದರು. ಸಂಚಾರ ನಿಯಮದ ವಿಷಯಕ್ಕೆ ಪೊಲೀಸರು ಕಾರು ನಿಲ್ಲಿಸಿದಾಗ, ತಮ್ಮ ಬಳಿ ಪಿಸ್ತೂಲು ಹಾಗೂ ಪರವಾನಗಿ ಇದೆಯೆಂದು ಅವರೇ ಮುಂದಾಗಿ ತಿಳಿಸಿದರು. ನ್ಯೂಜೆರ್ಸಿ ಆ ಪರವಾನಗಿಯನ್ನು ಮಾನ್ಯ ಮಾಡುವುದಿಲ್ಲ. ಆದ್ದರಿಂದ ಪ್ರಾಮಾಣಿಕವಾಗಿ ಹೇಳಿದ ಮಾತೇ ಬಂಧನಕ್ಕೆ ಕಾರಣವಾಯಿತು. ಕನಿಷ್ಠ ಮೂರೂವರೆ ವರ್ಷ ಕಡ್ಡಾಯ ಸೆರೆವಾಸ ವಿಧಿಸುವ ಕಲಮು ಅದು. ಪ್ರಕರಣ ದೇಶವ್ಯಾಪಿ ಚರ್ಚೆಗೆ ಒಳಗಾಗಿ, ಕಡೆಗೆ 2015ರಲ್ಲಿ ಅಂದಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ನೀಡಿದರು.

ಇಂಥ ಗೋಜಲು ಹೇಗೆ ಹುಟ್ಟಿತು ಎಂದು ತಿಳಿಯಲು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಎದುರಿಗೆ ಧರಿಸಿದವನು, ಮಡಿಲಲ್ಲಿ ಬಚ್ಚಿಟ್ಟವನು

ಆಯುಧ ಹೊಂದುವ ಹಾಗೂ ಧರಿಸುವ ಹಕ್ಕನ್ನು ಹೇಳುವ ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ 1791ರಲ್ಲಿ ಜಾರಿಗೆ ಬಂತು. ಆಯುಧ ಕಾಣುವಂತಿರಬೇಕೇ, ಮರೆಯಲ್ಲಿರಬೇಕೇ ಎಂಬ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಆ ಪ್ರಶ್ನೆಯನ್ನು ಎತ್ತಿದ್ದು ರಾಜ್ಯಗಳು. 1813ರಲ್ಲಿ ಕೆಂಟಕಿ ಮತ್ತು ಲೂಸಿಯಾನ ರಾಜ್ಯಗಳು ಮರೆಮಾಚಿ ಆಯುಧ ಒಯ್ಯುವುದನ್ನು ನಿಷೇಧಿಸಿದವು. ಕೆಂಟಕಿಯ ಉನ್ನತ ನ್ಯಾಯಾಲಯ 1822ರಲ್ಲಿ ಆ ಕಾಯ್ದೆಯನ್ನು ಅಸಿಂಧುಗೊಳಿಸಿತು. ರಾಜ್ಯವೂ ಸುಮ್ಮನಿರಲಿಲ್ಲ. 1850ರ ಹೊಸ ರಾಜ್ಯ ಸಂವಿಧಾನದಲ್ಲಿ ಬಚ್ಚಿಟ್ಟ ಆಯುಧಗಳನ್ನು ನಿಷೇಧಿಸುವ ಅಧಿಕಾರವನ್ನು ಶಾಸಕಾಂಗಕ್ಕೆ ಬರೆದುಕೊಟ್ಟಿತು.

ಉಳಿದ ನ್ಯಾಯಾಲಯಗಳು ನಡುದಾರಿ ಹಿಡಿದವು. 1846ರಲ್ಲಿ ಜಾರ್ಜಿಯ, 1850ರಲ್ಲಿ ಲೂಸಿಯಾನದ ಸರ್ವೋಚ್ಚ ನ್ಯಾಯಾಲಯಗಳು ನೀಡಿದ ತೀರ್ಪುಗಳ ತಿರುಳು ಒಂದೇ: ಬಚ್ಚಿಟ್ಟು ಒಯ್ಯುವುದನ್ನು ಸರ್ಕಾರ ತಡೆಯಬಹುದು, ಎಲ್ಲರಿಗೂ ಕಾಣುವಂತೆ ಧರಿಸುವುದನ್ನು ತಡೆಯುವಂತಿಲ್ಲ.

ಇಂದಿನ ನಗರವಾಸಿಗೆ ಇದು ವಿಚಿತ್ರವೆನಿಸಬಹುದು. ಸೊಂಟದಲ್ಲಿ ಪಿಸ್ತೂಲು ತೂಗಿಸಿಕೊಂಡು ಅಂಗಡಿಗೆ ಬಂದವನನ್ನು ಕಂಡರೆ ಹೆದರಿಕೆಯಾಗುವುದು ಸಹಜ. ಆದರೆ ಅಂದಿನವರ ಲೆಕ್ಕಾಚಾರ ಬೇರೆಯಿತ್ತು. ಕಾಣುವಂತೆ ಆಯುಧ ಧರಿಸಿದವನು ಎದುರಿನವನಿಗೆ ಮುನ್ಸೂಚನೆ ಕೊಟ್ಟಿರುತ್ತಾನೆ. ಅಂಗಿಯೊಳಗೆ ಬಚ್ಚಿಟ್ಟವನು ಹೊಂಚು ಹಾಕಿರುತ್ತಾನೆ. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಎಂಬ ನಮ್ಮ ಗಾದೆಯಲ್ಲಿರುವ ಅಪನಂಬಿಕೆಯೇ ಆ ಶಾಸಕರಲ್ಲೂ ಇತ್ತು.

ಸಣ್ಣ ಪಿಸ್ತೂಲಿನ ಕುಖ್ಯಾತಿಗೆ ಇತಿಹಾಸವೂ ಕಾರಣ. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್‌ನ ಫೋರ್ಡ್ ರಂಗಮಂದಿರದಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಮೇಲೆ ಗುಂಡು ಹಾರಿದ್ದು ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಹೆಸರಿನ ಒಂದು ಜೇಬು ಪಿಸ್ತೂಲಿನಿಂದ. ಅದರ ಉದ್ದ ಸುಮಾರು 6 ಅಂಗುಲ, ಅಂಗೈಯಲ್ಲಿ ಅಡಗುವಷ್ಟು.

ಸೈನ್ಯದ ಪಿಸ್ತೂಲಿಗೆ ಮಾತ್ರ ರಹದಾರಿ

ದೊಡ್ಡ ಪಿಸ್ತೂಲಿಗೆ ಕಾನೂನಿನಲ್ಲಿ ವಿಶೇಷ ಸ್ಥಾನ ಸಿಕ್ಕಿದ್ದು ಅಂತರ್ಯುದ್ಧದ ನಂತರ. 1861ರಿಂದ 1865ರವರೆಗೆ ನಡೆದ ಆ ಯುದ್ಧದಲ್ಲಿ ಸೈನಿಕರು ಬಳಸಿದ ಕೋಲ್ಟ್ ಕಂಪೆನಿಯ 'ಆರ್ಮಿ' ರಿವಾಲ್ವರ್ ಸುಮಾರು 14 ಅಂಗುಲ ಉದ್ದವಿತ್ತು, ತೂಕ ಸುಮಾರು 1.2 ಕಿಲೋ. ನಳಿಕೆಯೊಂದೇ 8 ಅಂಗುಲ. 'ನೇವಿ' ಎಂಬ ಇನ್ನೊಂದು ಮಾದರಿ ಒಂದು ಅಂಗುಲ ಚಿಕ್ಕದು. ಎರಡನ್ನೂ ಕೋಟಿನ ಜೇಬಿಗೆ ಹಾಕಿಕೊಂಡು ಯಾರಿಗೂ ತಿಳಿಯದಂತೆ ತಿರುಗಾಡುವುದು ಸಾಧ್ಯವಿರಲಿಲ್ಲ.

1870ರಲ್ಲಿ ಟೆನಿಸಿ ರಾಜ್ಯ ಚೂರಿ, ಕತ್ತಿ ಅಡಗಿಸಿದ ಬೆತ್ತ, ಜೇಬು ಪಿಸ್ತೂಲು, ರಿವಾಲ್ವರ್ ಮುಂತಾದವುಗಳನ್ನು ಬಹಿರಂಗವಾಗಿಯಾಗಲಿ ಗುಟ್ಟಾಗಿಯಾಗಲಿ ಒಯ್ಯಕೂಡದೆಂದು ಕಾಯ್ದೆ ಮಾಡಿತು. ಮರುವರ್ಷ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆಂಡ್ರ್ಯೂಸ್ ಪ್ರಕರಣದಲ್ಲಿ ಕುತೂಹಲಕರ ತೀರ್ಪು ನೀಡಿತು. ಆಯುಧ ಧರಿಸುವ ಹಕ್ಕು ಇರುವುದು ನಾಗರಿಕರು ಅಗತ್ಯ ಬಿದ್ದಾಗ ಸೈನಿಕರಾಗಲು ಸಿದ್ಧರಿರಲಿ ಎಂಬ ಉದ್ದೇಶಕ್ಕೆ. ಹೀಗಾಗಿ ಸೈನಿಕರ ಬಳಕೆಗೆ ತಕ್ಕ ರಿವಾಲ್ವರಿಗೆ ಸಂವಿಧಾನದ ರಕ್ಷಣೆ ಉಂಟು, ಜೇಬು ಪಿಸ್ತೂಲಿಗೆ ಇಲ್ಲ ಎಂಬುದು ಆ ತೀರ್ಪಿನ ಸಾರ.

ಶಾಸಕರು ಈ ತೀರ್ಪಿಗೆ ತಲೆಬಾಗಿದರು, ಆದರೆ ತಮ್ಮದೇ ರೀತಿಯಲ್ಲಿ. ಸೈನ್ಯದ ಪಿಸ್ತೂಲನ್ನು ಒಯ್ಯಬಹುದು, ಆದರೆ ಬಹಿರಂಗವಾಗಿ ಕೈಯಲ್ಲೇ ಹಿಡಿದಿರಬೇಕು ಎಂದು ತಿದ್ದುಪಡಿ ತಂದರು. ಸೊಂಟದ ಒರೆಯಲ್ಲೂ ಇಡುವಂತಿಲ್ಲ. ಒಂದು ಕೈಯಲ್ಲಿ ಸಂತೆಯ ಚೀಲ, ಇನ್ನೊಂದು ಕೈಯಲ್ಲಿ ಒಂದೂಕಾಲು ಕಿಲೋ ಕಬ್ಬಿಣ ಹಿಡಿದು ನಡೆಯುವವರು ಎಷ್ಟು ಮಂದಿ ಸಿಕ್ಕಾರು? ಹಕ್ಕನ್ನು ಕಿತ್ತುಕೊಳ್ಳದೆಯೇ ಅದರ ಬಳಕೆಯನ್ನು ಕಷ್ಟಕ್ಕೆ ಒಡ್ಡಿದ ಜಾಣತನವಿದು. 1872ರಲ್ಲಿ ಅದೇ ನ್ಯಾಯಾಲಯ ಈ ನಿಯಮಕ್ಕೆ ಒಪ್ಪಿಗೆ ನೀಡಿತು. 1879ರಲ್ಲಿ ಟೆನಿಸಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಸೈನ್ಯ ಹಾಗೂ ನೌಕಾದಳದ ಮಾದರಿ ಬಿಟ್ಟು ಉಳಿದ ಪಿಸ್ತೂಲುಗಳ ಮಾರಾಟವನ್ನೇ ನಿಷೇಧಿಸಿತು. 1881ರಲ್ಲಿ ಅರ್ಕನ್ಸಾ ರಾಜ್ಯವೂ ಇದೇ ಜಾಡು ಹಿಡಿಯಿತು. ಮರುವರ್ಷ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಈ ಕಾಯ್ದೆಗಳ ಹಿಂದೆ ಸಾರ್ವಜನಿಕ ಸುರಕ್ಷತೆಯಷ್ಟೇ ಇತ್ತೇ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ಸೈನ್ಯದ ಮಾದರಿಯ ರಿವಾಲ್ವರ್ ದುಬಾರಿ. ಯುದ್ಧದಿಂದ ಮರಳಿದ ಬಿಳಿಯ ಸೈನಿಕರ ಬಳಿ ಅವು ಮೊದಲೇ ಇದ್ದವು. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾಗಿದ್ದ ಕರಿಯ ಜನರ ಕೈಗೆ ಎಟುಕುತ್ತಿದ್ದುದು ಅಗ್ಗದ ಸಣ್ಣ ಪಿಸ್ತೂಲುಗಳು. ಅವನ್ನೇ ನಿಷೇಧಿಸಿದ್ದು ಆಕಸ್ಮಿಕವಲ್ಲ ಎಂಬುದು ಕೆಲವು ಇತಿಹಾಸಕಾರರ ವಾದ. ಅದನ್ನು ಒಪ್ಪದವರೂ ಇದ್ದಾರೆ. ಕಾಯ್ದೆಯ ಅಕ್ಷರಗಳಲ್ಲಿ ಬಣ್ಣದ ಪ್ರಸ್ತಾಪವಿಲ್ಲ ಎಂಬುದು ನಿಜ. ಅಂಗಡಿಯ ಬೆಲೆಪಟ್ಟಿ ಎಲ್ಲರಿಗೂ ಒಂದೇ ಆಗಿರಲಿಲ್ಲ ಎಂಬುದೂ ಅಷ್ಟೇ ನಿಜ.

ಬಾಗಿಲು ಹೋಯಿತು, ಚೌಕಟ್ಟು ಉಳಿಯಿತು

ಇಪ್ಪತ್ತನೇ ಶತಮಾನ ಪರವಾನಗಿಯ ಕಾಲ. 1911ರಲ್ಲಿ ನ್ಯೂಯಾರ್ಕ್ ರಾಜ್ಯ, ರಾಜಕಾರಣಿ ಟಿಮೊಥಿ ಸಲಿವನ್ ಹೆಸರಿನಿಂದ ಪ್ರಸಿದ್ಧವಾದ ಕಾಯ್ದೆಯ ಮೂಲಕ, ಮರೆಮಾಚಬಹುದಾದ ಬಂದೂಕು ಹೊಂದಲೂ ಪರವಾನಗಿ ಕಡ್ಡಾಯಗೊಳಿಸಿತು. ಒಯ್ಯಲು 'ಸೂಕ್ತ ಕಾರಣ' ತೋರಿಸಬೇಕೆಂಬ ಷರತ್ತು ಎರಡು ವರ್ಷಗಳ ಬಳಿಕ ಸೇರಿತು. ಪ್ರಾಣಭಯವಿದೆ ಎಂದು ಸಾಮಾನ್ಯವಾಗಿ ಹೇಳಿದರೆ ಸಾಲದು; ಉಳಿದವರಿಗಿಂತ ಹೆಚ್ಚಿನ, ವಿಶೇಷವಾದ ಭಯವಿದೆಯೆಂದು ಅಧಿಕಾರಿಗೆ ಮನವರಿಕೆ ಮಾಡಬೇಕಿತ್ತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಷರತ್ತು ಬಾಳಿತು.

1934ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಬಂದೂಕು ಕಾಯ್ದೆ ತಂದಾಗ, ಮೊದಲ ಕರಡಿನಲ್ಲಿ ಪಿಸ್ತೂಲು ಮತ್ತು ರಿವಾಲ್ವರುಗಳೂ ಇದ್ದವು. ಎಲ್ಲವನ್ನೂ ನೋಂದಾಯಿಸಿ ತೆರಿಗೆ ಕಟ್ಟಬೇಕಿತ್ತು. ರೈಫಲ್ಲಿನ ನಳಿಕೆ ಕತ್ತರಿಸಿ ಪಿಸ್ತೂಲಿನಂತೆ ಬಚ್ಚಿಡುವವರೂ ಸಿಗಲೆಂದು ಗಿಡ್ಡ ರೈಫಲ್ಲುಗಳನ್ನೂ ಸೇರಿಸಲಾಗಿತ್ತು. ಸಂಸತ್ತಿನ ಚರ್ಚೆಯಲ್ಲಿ ಪಿಸ್ತೂಲನ್ನು ಪಟ್ಟಿಯಿಂದ ಕೈಬಿಟ್ಟರು. ಗಿಡ್ಡ ರೈಫಲ್ ಮಾತ್ರ ಉಳಿದುಕೊಂಡಿತು. ಬಾಗಿಲನ್ನು ಕಿತ್ತು ಚೌಕಟ್ಟನ್ನು ಉಳಿಸಿದಂತಾಯಿತು. ಪರಿಣಾಮವಾಗಿ 8 ಅಂಗುಲ ನಳಿಕೆಯ ಪಿಸ್ತೂಲಿಗೆ ಕೇಂದ್ರದ ನೋಂದಣಿ ಬೇಡ. 15 ಅಂಗುಲ ನಳಿಕೆಯ ರೈಫಲ್ಲಿಗೆ ಬೇಕು. 2025ರ ಕಾಯ್ದೆಯಿಂದಾಗಿ ಗಿಡ್ಡ ರೈಫಲ್ಲಿನ ತೆರಿಗೆ 2026ರ ಜನವರಿ 1ರಿಂದ ಶೂನ್ಯವಾಯಿತಾದರೂ, ಆ ಕಾಯ್ದೆ ನೋಂದಣಿಯನ್ನು ಕೈಬಿಡಲಿಲ್ಲ.

ಇದೇ ಬಿರುಕಿನಲ್ಲಿ ಇಂದಿನ ಅತಿ ದೊಡ್ಡ ಪಿಸ್ತೂಲುಗಳು ಬೆಳೆದಿವೆ. ಎಆರ್-15 ರೈಫಲ್ಲಿನ ಒಡಲನ್ನೇ ಬಳಸಿ, ಹೆಗಲಿಗೆ ಆನಿಸುವ ಹಿಡಿಯನ್ನು ತೆಗೆದು, ನಳಿಕೆಯನ್ನು ಚಿಕ್ಕದಾಗಿಸಿದರೆ ಕಾನೂನಿನ ಕಣ್ಣಿಗೆ ಅದು ಪಿಸ್ತೂಲು. ಮುಂಗೈಗೆ ಕಟ್ಟಿಕೊಳ್ಳುವ ಆಸರೆಪಟ್ಟಿಯನ್ನು ಇದಕ್ಕೆ ಜೋಡಿಸಿ, ಅದನ್ನೇ ಹೆಗಲಿಗೆ ಆನಿಸಿ ಹಾರಿಸುವ ರೂಢಿ ಬಂತು. 2021ರ ಮಾರ್ಚ್‌ನಲ್ಲಿ ಕೊಲರಾಡೋದ ಬೌಲ್ಡರ್ ನಗರದ ಅಂಗಡಿಯೊಂದರಲ್ಲಿ 10 ಮಂದಿಯನ್ನು ಕೊಂದದ್ದು ಇಂಥ ಪಿಸ್ತೂಲೇ. 2023ರಲ್ಲಿ ಕೇಂದ್ರದ ಬಂದೂಕು ನಿಯಂತ್ರಣ ಸಂಸ್ಥೆ ಇವನ್ನು ಗಿಡ್ಡ ರೈಫಲ್ಲುಗಳೆಂದು ಪರಿಗಣಿಸುವ ನಿಯಮ ಹೊರಡಿಸಿತು. 2024ರ ಜೂನ್‌ನಲ್ಲಿ ಟೆಕ್ಸಾಸಿನ ಕೇಂದ್ರ ನ್ಯಾಯಾಲಯ ಆ ನಿಯಮವನ್ನು ರದ್ದುಪಡಿಸಿತು.

ಎಷ್ಟು ದೊಡ್ಡದಾದರೆ ದೊಡ್ಡದು?

ಪಿಸ್ತೂಲು ಇಷ್ಟೇ ಉದ್ದವಿರಬೇಕು, ಇದಕ್ಕಿಂತ ದೊಡ್ಡದನ್ನು ಮರೆಯಲ್ಲಿ ಒಯ್ಯಬಾರದು ಎಂದು ಒಯ್ಯುವ ಪರವಾನಗಿಯ ಕಾನೂನುಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಗಾತ್ರದ ನಿಯಮಗಳು ಬೇರೆ ಬೇರೆ ಕಾಯ್ದೆಗಳ ಮೂಲೆಗಳಲ್ಲಿ ಚದುರಿಕೊಂಡಿವೆ.

ಮೊದಲನೆಯದು ನಳಿಕೆಯ ಒಳವ್ಯಾಸ. 1968ರ ಕಾಯ್ದೆಯಂತೆ, ಬೇಟೆಯ ಬಂದೂಕುಗಳ ಹೊರತಾಗಿ, ಅರ್ಧ ಅಂಗುಲಕ್ಕಿಂತ ಅಗಲ ನಳಿಕೆಯ ಆಯುಧ 'ವಿನಾಶಕ ಸಾಧನ'ಗಳ ಸಾಲಿಗೆ, ಅಂದರೆ ಕೈಬಾಂಬಿನ ಪಂಕ್ತಿಗೆ ಸೇರುತ್ತದೆ. ಸಿನಿಮಾಗಳಿಂದ ಪ್ರಸಿದ್ಧವಾದ ಡೆಸರ್ಟ್ ಈಗಲ್ ಪಿಸ್ತೂಲಿನ .50 ಗುಂಡಿನ ಮೊದಲ ವಿನ್ಯಾಸ ಈ ಗಡಿಯನ್ನು ಕೂದಲೆಳೆಯಷ್ಟು ಮೀರಿತ್ತು. ಅದನ್ನು ಸರಿಯಾಗಿ ಅರ್ಧ ಅಂಗುಲಕ್ಕೆ ಇಳಿಸಿಯೇ ಮಾರುಕಟ್ಟೆಗೆ ತಂದರು.

ಎರಡನೆಯದು ತೂಕ. 1994ರಿಂದ 2004ರವರೆಗೆ ಜಾರಿಯಲ್ಲಿದ್ದ ಕೇಂದ್ರ ನಿಷೇಧದಲ್ಲಿ, ಗುಂಡು ತುಂಬದ ಸ್ಥಿತಿಯಲ್ಲಿ 50 ಔನ್ಸ್, ಅಂದರೆ ಸುಮಾರು 1.4 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗುವುದು ಅರೆಸ್ವಯಂಚಾಲಿತ ಪಿಸ್ತೂಲಿನ ವಿರುದ್ಧದ ಅಂಶಗಳಲ್ಲಿ ಒಂದಾಗಿತ್ತು. ಕೇಂದ್ರದ ನಿಷೇಧ ಮುಗಿದರೂ ನ್ಯೂಯಾರ್ಕ್ ತನ್ನ ಕಾಯ್ದೆಯಲ್ಲಿ ಈ ತೂಕದ ಗೆರೆಯನ್ನು ಉಳಿಸಿಕೊಂಡಿದೆ. ಸುಮಾರು 2 ಕಿಲೋ ತೂಗುವ ಡೆಸರ್ಟ್ ಈಗಲ್ ಅಲ್ಲಿ ಈ ಗೆರೆಯಾಚೆಗೆ ಬೀಳುತ್ತದೆ.

ಮೂರನೆಯದು ತಲೆಕೆಳಗಾದ ನಿಯಮ. ವಿದೇಶದಿಂದ ಆಮದಾಗುವ ಪಿಸ್ತೂಲು ತೀರಾ ಚಿಕ್ಕದಿರಬಾರದು ಎಂದು 1968ರ ಕಾಯ್ದೆಯಡಿ ಅಳತೆ ಗೊತ್ತುಮಾಡಲಾಗಿದೆ. ಉದ್ದವೇ ಕನಿಷ್ಠ 6 ಅಂಗುಲ ಇರಬೇಕು. ದೇಶದೊಳಗೆ ತಯಾರಾದ ಸಣ್ಣ ಪಿಸ್ತೂಲಿಗೆ ಈ ತಡೆ ಇಲ್ಲ. ಆಸ್ಟ್ರಿಯಾದ ಗ್ಲಾಕ್ ಕಂಪೆನಿ ತನ್ನ ಸಣ್ಣ ಮಾದರಿಯೊಂದನ್ನು ಜಾರ್ಜಿಯ ರಾಜ್ಯದ ತನ್ನ ಕಾರ್ಖಾನೆಯಲ್ಲೇ ತಯಾರಿಸುವುದರಿಂದ ಅದಕ್ಕೆ ಈ ಅಳತೆ ಅನ್ವಯಿಸುವುದಿಲ್ಲ.

ಇನ್ನೊಂದು ಸೂಕ್ಷ್ಮ, ಮರೆಮಾಚುವುದಕ್ಕೇ ಸಂಬಂಧಿಸಿದ್ದು. ಪಿಸ್ತೂಲಿನ ನಳಿಕೆಯ ಕೆಳಗೆ ಇನ್ನೊಂದು ನೆಟ್ಟಗಿನ ಹಿಡಿ ಜೋಡಿಸಿದರೆ, ಒಟ್ಟು ಉದ್ದ 26 ಅಂಗುಲದೊಳಗಿದ್ದಲ್ಲಿ ಅದಕ್ಕೆ ನೋಂದಣಿ ಬೇಕು. 26 ಅಂಗುಲ ಅಥವಾ ಹೆಚ್ಚಿದ್ದರೆ ಬೇಡ. ಆದರೆ ಅದೇ ಉದ್ದನೆಯ ಆಯುಧವನ್ನು ಮೈಮೇಲಿನ ಬಟ್ಟೆಯೊಳಗೆ ಬಚ್ಚಿಟ್ಟುಕೊಂಡರೆ ಮತ್ತೆ ನೋಂದಣಿಯ ವ್ಯಾಪ್ತಿಗೆ ಬರುತ್ತದೆ ಎಂಬುದು ನಿಯಂತ್ರಣ ಸಂಸ್ಥೆಯ ನಿಲುವು. ಮೇಜಿನ ಮೇಲೆ ಕಾನೂನುಬದ್ಧವಾಗಿದ್ದ ವಸ್ತು ಉದ್ದನೆಯ ಕೋಟು ತೊಟ್ಟ ಕ್ಷಣ ಅಪರಾಧವಾಗುತ್ತದೆ!

ಸಾಮಾನ್ಯ ಧಾರಕನಿಗೆ ಇವೆಲ್ಲಕ್ಕಿಂತ ಹೆಚ್ಚು ತಟ್ಟುವುದು ಗುಂಡುಗಳ ಸಂಖ್ಯೆ. ಸುಮಾರು 8 ಅಂಗುಲ ಉದ್ದದ ಗ್ಲಾಕ್ 17 ಮಾದರಿಯ ಸಾಮಾನ್ಯ ಮ್ಯಾಗಜೀನಿನಲ್ಲಿ 17 ಗುಂಡು ಹಿಡಿಸುತ್ತವೆ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ರಾಜ್ಯಗಳ ಕಾಯ್ದೆಯ ಮಿತಿ 10. ದೊಡ್ಡ ಪಿಸ್ತೂಲಿಗೆ ಅಡ್ಡಿಯಿಲ್ಲ, ಅದರ ಹೊಟ್ಟೆಗೆ ಅಡ್ಡಿ. ಜೊತೆಗೆ, ತೆಳ್ಳನೆಯ ಅಂಗಿಯ ಮೂಲಕ ಪಿಸ್ತೂಲಿನ ಆಕಾರ ಮೂಡಿ ಕಾಣುವುದೂ ಉಂಟು. ಆಕಸ್ಮಿಕವಾಗಿ ಹೀಗೆ ಕಂಡದ್ದನ್ನು ಬಹಳಷ್ಟು ರಾಜ್ಯಗಳು ಅಪರಾಧವೆಂದು ಎಣಿಸುವುದಿಲ್ಲ. ಜಗಳದ ನಡುವೆ ಅಂಗಿಯ ಅಂಚು ಎತ್ತಿ ತೋರಿಸಿದರೆ ಮಾತ್ರ ವಿಷಯ ಬೇರೆ, ಅದು ಬೆದರಿಕೆಯಾಗುತ್ತದೆ.

2022ರ ತೀರ್ಪು

ಮರೆಮಾಚುವುದು ಹೇಡಿತನವೆಂಬ ಹಳೆಯ ಭಾವನೆ ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ತಿರುಗಿತು. 1967ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯ ಸದಸ್ಯರು ಬಂದೂಕು ಹಿಡಿದು ಕ್ಯಾಲಿಫೋರ್ನಿಯಾದ ವಿಧಾನಭವನ ಪ್ರವೇಶಿಸಿದರು. ಗುಂಡು ತುಂಬಿದ ಬಂದೂಕನ್ನು ಬಹಿರಂಗವಾಗಿ ಒಯ್ಯುವುದರ ವಿರುದ್ಧ ಅದೇ ವರ್ಷ ಕಾಯ್ದೆ ಬಂತು. ಇತ್ತ 1987ರಲ್ಲಿ ಫ್ಲೋರಿಡಾ, ಅರ್ಹತೆಯಿದ್ದ ಯಾರೇ ಕೇಳಿದರೂ ಮರೆಮಾಚಿ ಒಯ್ಯುವ ಪರವಾನಗಿ ಕೊಡಲೇಬೇಕೆಂಬ ಕಾಯ್ದೆ ಮಾಡಿ ಇತರ ರಾಜ್ಯಗಳಿಗೆ ಮಾದರಿಯಾಯಿತು. ವರ್ಮಾಂಟ್ ರಾಜ್ಯ ಎಂದೂ ಪರವಾನಗಿ ಕೇಳಿರಲಿಲ್ಲ. 2003ರಲ್ಲಿ ಅಲಾಸ್ಕಾ ಪರವಾನಗಿಯ ಕಡ್ಡಾಯ ಕೈಬಿಟ್ಟಿತು. 2024ರ ವೇಳೆಗೆ ಇಂಥ ರಾಜ್ಯಗಳ ಸಂಖ್ಯೆ 29ಕ್ಕೆ ಏರಿತು.

ನ್ಯೂಯಾರ್ಕಿನ 'ಸೂಕ್ತ ಕಾರಣ' ಷರತ್ತನ್ನು 2022ರ ಜೂನ್ 23ರಂದು ಸುಪ್ರೀಂ ಕೋರ್ಟ್ 6-3 ಬಹುಮತದಿಂದ ರದ್ದುಪಡಿಸಿತು. 'ಬ್ರೂಯೆನ್' ಎಂದು ಕರೆಯಲಾಗುವ ಆ ಪ್ರಕರಣದಲ್ಲಿ ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್. ಮನೆಯ ಹೊರಗೂ ಆತ್ಮರಕ್ಷಣೆಗೆ ಪಿಸ್ತೂಲು ಧರಿಸುವುದು ಹಕ್ಕು. ಯಾವುದೇ ನಿರ್ಬಂಧ ದೇಶದ ಐತಿಹಾಸಿಕ ಪರಂಪರೆಗೆ ಹೊಂದುವಂತಿರಬೇಕು ಎಂದು ಅದು ಹೇಳಿತು. ಹೀಗಾಗಿ ಧೂಳು ಹಿಡಿದಿದ್ದ ಆಂಡ್ರ್ಯೂಸ್ ಪ್ರಕರಣ, ಟೆನಿಸಿಯ ಕಾಯ್ದೆಗಳು ಮತ್ತೆ ವಕೀಲರ ಮೇಜಿನ ಮೇಲೆ ಬಂದವು. ಬಹಿರಂಗ ಧಾರಣೆಗೆ ಅವಕಾಶ ಉಳಿಸಿದ್ದಲ್ಲಿ ಮರೆಮಾಚುವುದನ್ನು ರಾಜ್ಯಗಳು ನಿಷೇಧಿಸಬಹುದಿತ್ತು ಎಂಬುದೇ ಆ ಇತಿಹಾಸದ ಪಾಠ ಎಂದು ತೀರ್ಪು ಗುರುತಿಸಿತು. 2024ರ ರಹೀಮಿ ಪ್ರಕರಣದಲ್ಲಿ ನ್ಯಾಯಾಲಯ ಪಟ್ಟು ಸ್ವಲ್ಪ ಸಡಿಲಿಸಿ, ಹಳೆಯ ಕಾಯ್ದೆಯ ತದ್ರೂಪವೇ ಬೇಕಿಲ್ಲ, ತತ್ವ ಹೊಂದಿದರೆ ಸಾಕು ಎಂದಿತು.

ನ್ಯೂಯಾರ್ಕ್ ಕೈಕಟ್ಟಿ ಕೂರಲಿಲ್ಲ. 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ 16 ಗಂಟೆಗಳ ತರಗತಿ, 2 ಗಂಟೆಗಳ ಗುಂಡು ಹಾರಿಸುವ ಅಭ್ಯಾಸ ಕಡ್ಡಾಯ ಮಾಡಿತು. ಟೈಮ್ಸ್ ಸ್ಕ್ವೇರ್, ಸುರಂಗ ರೈಲು ಸೇರಿದಂತೆ ಅನೇಕ ಜಾಗಗಳನ್ನು 'ಸೂಕ್ಷ್ಮ ಸ್ಥಳ'ಗಳ ಪಟ್ಟಿಗೆ ಸೇರಿಸಿತು.

ಪರವಾನಗಿ ಬೇಡವೆನ್ನುವ ರಾಜ್ಯಗಳಲ್ಲೂ ಒಂದು ಹೊಂಡವಿದೆ. ಶಾಲೆಯಿಂದ 1,000 ಅಡಿ, ಅಂದರೆ ಸುಮಾರು 305 ಮೀಟರ್ ಒಳಗೆ ಬಂದೂಕು ಒಯ್ಯುವುದು ಕೇಂದ್ರ ಕಾಯ್ದೆಯಡಿ ಅಪರಾಧ. ಆ ರಾಜ್ಯದ ಪರವಾನಗಿ ಪಡೆದವರಿಗೆ ಇದರಿಂದ ವಿನಾಯಿತಿ ಉಂಟು. ಪರವಾನಗಿಯೇ ಬೇಡವೆಂದು ಪಡೆಯದೆ ಬಿಟ್ಟವರಿಗೆ ಆ ವಿನಾಯಿತಿ ಇಲ್ಲ. ಊರೊಳಗೆ ಶಾಲೆಯ ಹತ್ತಿರ ಹಾಯದ ರಸ್ತೆ ಎಷ್ಟಿದ್ದಾವು?

ವೀಸಾ ಮೇಲೆ ಹೋದವರು

ಇಲ್ಲಿಯವರೆಗಿನ ಚರ್ಚೆ ಅಮೆರಿಕದ ಪ್ರಜೆಗಳ ಕುರಿತದ್ದು. ಎಚ್-1ಬಿ ವೀಸಾ ಮೇಲೆ ದುಡಿಯುತ್ತಿರುವ, ವಿದ್ಯಾರ್ಥಿ ವೀಸಾ ಮೇಲೆ ಓದುತ್ತಿರುವ ಕನ್ನಡಿಗರಿಗೆ ಕಾನೂನು ಬೇರೆಯೇ ಇದೆ. 1998ರ ತಿದ್ದುಪಡಿಯಂತೆ, ತಾತ್ಕಾಲಿಕ ವೀಸಾದಾರರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ. ಟೆಕ್ಸಾಸಿನಂತೆ ಪರವಾನಗಿಯನ್ನೇ ಕೇಳದ ರಾಜ್ಯದಲ್ಲಿದ್ದರೂ ಈ ಕೇಂದ್ರ ನಿಷೇಧ ತಪ್ಪದು. 2022ರ ಕಾಯ್ದೆ ಇದರ ಗರಿಷ್ಠ ಶಿಕ್ಷೆಯನ್ನು 10ರಿಂದ 15 ವರ್ಷಕ್ಕೆ ಏರಿಸಿತು. ಶಿಕ್ಷೆಯ ನಂತರ ಗಡೀಪಾರಿನ ದಾರಿಯೂ ತೆರೆದಿರುತ್ತದೆ.

'ಹೊಂದುವುದು' ಎಂದರೆ ಕೊಂಡು ಇಟ್ಟುಕೊಳ್ಳುವುದಷ್ಟೇ ಅಲ್ಲ. ವಾರಾಂತ್ಯದಲ್ಲಿ ಗೆಳೆಯರ ಜೊತೆ ಅಭ್ಯಾಸ ಕೇಂದ್ರಕ್ಕೆ ಹೋಗಿ ಬಾಡಿಗೆಯ ಪಿಸ್ತೂಲನ್ನು ಹತ್ತು ನಿಮಿಷ ಕೈಯಲ್ಲಿ ಹಿಡಿದರೂ ಕಾನೂನಿನ ವ್ಯಾಪ್ತಿಗೆ ಬರಬಹುದು. ಅವಧಿ ಮೀರದ ಬೇಟೆ ಪರವಾನಗಿಯನ್ನು ಯಾವುದಾದರೂ ರಾಜ್ಯದಿಂದ ಪಡೆದಿದ್ದರೆ ವಿನಾಯಿತಿ ಸಿಗುತ್ತದೆ. ವೀಸಾ ಸ್ಥಿತಿ ಕಳೆದುಕೊಂಡ ವಿದೇಶಿ ವಿದ್ಯಾರ್ಥಿಯೊಬ್ಬ ಫ್ಲೋರಿಡಾದ ಅಭ್ಯಾಸ ಕೇಂದ್ರವೊಂದರಲ್ಲಿ ಗುಂಡು ಹಾರಿಸಿದ ಪ್ರಕರಣ 2019ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಆರೋಪಿಗೆ ತನ್ನ ವಲಸೆ ಸ್ಥಿತಿಯ ಅರಿವಿತ್ತೆಂದು ಸರ್ಕಾರ ಸಾಬೀತುಪಡಿಸಬೇಕು ಎಂದು ನ್ಯಾಯಾಲಯ ಹೇಳಿತು. ಒಂದೇ ಬಾಡಿಗೆ ಮನೆಯಲ್ಲಿರುವ ಗೆಳೆಯನ ಪಿಸ್ತೂಲು ಕೈಗೆಟುಕುವಂತಿದ್ದು, ಅದರ ಮೇಲೆ ಹಿಡಿತವಿತ್ತೆಂದು ತೋರಿದರೆ ಅದೂ ಹೊಂದುವಿಕೆಯೇ. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ.

ನಮ್ಮಲ್ಲಿ ತಿರುವುಮುರುವು

ಭಾರತದ ಕಾನೂನಿನೊಂದಿಗೆ ಹೋಲಿಸಿದರೆ ಟೆನಿಸಿಯ ಕಥೆ ಕನ್ನಡಿಯಲ್ಲಿ ಕಂಡಂತೆ ಎಡಬಲವಾಗುತ್ತದೆ. ಅಲ್ಲಿ ನಾಗರಿಕನಿಗೆ ಸಲ್ಲುವುದು ಸೈನ್ಯದ ಪಿಸ್ತೂಲು ಮಾತ್ರ ಎಂದರು. ಇಲ್ಲಿ ಸಲ್ಲದ್ದೇ ಅದು. 1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದ ಶಸ್ತ್ರ ಕಾಯ್ದೆ ಭಾರತೀಯರ ಕೈಯಿಂದ ಆಯುಧ ದೂರವಿಡಲು ಬಂತು. ಸ್ವಾತಂತ್ರ್ಯಾನಂತರ ಅದರ ಜಾಗಕ್ಕೆ ಬಂದ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯವಸ್ಥೆಯಲ್ಲೂ, ಸೈನ್ಯದ 9 ಎಂಎಂ ಗುಂಡು ಹಾರಿಸಬಲ್ಲ ಪಿಸ್ತೂಲು 'ನಿಷೇಧಿತ ಬೋರ್' ಪಟ್ಟಿಯಲ್ಲಿದೆ. ಆದ್ದರಿಂದಲೇ ಇಲ್ಲಿನ ಪರವಾನಗಿದಾರರ ಬಳಿ ಕಾಣುವುದು ಹೆಚ್ಚಾಗಿ .32 ಬೋರಿನ ಪಿಸ್ತೂಲು, ರಿವಾಲ್ವರ್. ಇಲ್ಲಿ ದೊಡ್ಡದು ಚಿಕ್ಕದು ಎಂದು ಅಳೆಯುವುದು ಉದ್ದದಿಂದಲ್ಲ, ಬೋರಿನಿಂದ. 2019ರ ತಿದ್ದುಪಡಿ ಒಬ್ಬರಿಗೆ ಗರಿಷ್ಠ ಮೂರು ಬಂದೂಕು ಎಂಬುದನ್ನು ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಹೆಚ್ಚಿಸಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಲಾಗಿರುವ ವಿನಾಯಿತಿಯದು ಬೇರೆಯೇ ಕಥೆ. ಅದನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ.

ಧರಿಸುವ ರೀತಿಯಲ್ಲೂ ಅದೇ ವೈರುಧ್ಯ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ, ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಒರೆಯಲ್ಲಿ ಅಥವಾ ಚೀಲದಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ಧರಿಸಿದವನ ಹತೋಟಿಯಲ್ಲಿರಬೇಕು. ಝಳಪಿಸುವುದು ನಿಷಿದ್ಧ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಇತರರ ಸುರಕ್ಷತೆಗೆ ಧಕ್ಕೆ ತಂದರೆ 2019ರ ತಿದ್ದುಪಡಿಯಡಿ ಎರಡು ವರ್ಷದವರೆಗೆ ಸಜೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಈ ಎರಡು ಕಾನೂನುಗಳು ಮುಖಾಮುಖಿಯಾಗುವ ಜಾಗ ವಿಮಾನ ನಿಲ್ದಾಣ. ಅಮೆರಿಕದಲ್ಲಿ ಅಭ್ಯಾಸ ಕೇಂದ್ರಕ್ಕೆ ಒಯ್ದಿದ್ದ ಬೆನ್ನುಚೀಲವನ್ನೇ ಊರಿಗೆ ಬರುವಾಗ ತಂದರೆ, ಅದರ ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ಇಲ್ಲಿನ ತಪಾಸಣಾ ಯಂತ್ರದಲ್ಲಿ ಕಾಣುತ್ತದೆ. ಪರವಾನಗಿಯಿಲ್ಲದೆ ಗುಂಡು ಹೊಂದುವುದೂ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧವೇ. ಹೊಂದುವಿಕೆಗೆ ಅರಿವು ಇರಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲಿ ಹೇಳಿದೆ. ಅದರ ಆಧಾರದಲ್ಲಿ ಇಂಥ ಪ್ರಕರಣಗಳನ್ನು ಹೈಕೋರ್ಟುಗಳು ರದ್ದುಪಡಿಸಿದ್ದುಂಟು. ಆದರೆ ರದ್ದಾಗುವವರೆಗೆ ಎಫ್‌ಐಆರ್, ವಕೀಲರು, ತಪ್ಪಿದ ವಿಮಾನ ಯಾವುದೂ ತಪ್ಪುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಚೀಲದ ಪ್ರತಿ ಜೇಬನ್ನೂ ಮಗುಚಿ ಕೊಡವಿ ನೋಡಲು ಹಿಡಿಯುವುದು ಐದು ನಿಮಿಷ.